ಎಡಗಡೆಯ ಬ್ರೇಕು

ಬಸವರಾಜ ಮಾಸ್ತರರ ಬಲಗಾಲು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ. ಚಹಾ ಕುಡಿಯುವಾಗ, ಪೇಪರು ಓದುವಾಗ, ಕಾಚಿಗೂಡದ ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತಾಗಲೂ ಅದು ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು. ಲಿಂಗಸೂರು ಕಡೆಯಿಂದ ಬಂದ ಅವರು ಇಲ್ಲಿ ಮೂವತ್ತು ವರ್ಷ ಕಾರು ಕಲಿಸಿದ್ದರು. ಕಲಿಸುವ ಕಾರಿನಲ್ಲಿ ಎಡಗಡೆಯ ಸೀಟಿಗೂ ಒಂದು ಬ್ರೇಕು ಇರುತ್ತದೆ. ಅವರ ಕಾಲಿನ ವಾಸ ಅಲ್ಲಿ.

ನಾನು ಕಲಿಯಲು ಹೋದಾಗ ನನಗೆ ನಲವತ್ತೊಂದು. ಹಿಂದೆ ಹಾರ್ನ್ ಕೇಳಿದರೆ ನಡುರಸ್ತೆಯಲ್ಲೇ ಗಾಡಿ ನಿಲ್ಲಿಸಿಬಿಡುತ್ತಿದ್ದೆ. “ಹಿಂದಿನಾಂವ ಹಾರ್ನ್ ಹೊಡೀತಾನಂತ ಅಂಜಬ್ಯಾಡ್ರಿ ಅಕ್ಕಾರ, ಅಂವೇನು ನಿಮ್ಮ ಅತ್ತಿ ಅಲ್ಲ” ಎನ್ನುತ್ತಿದ್ದರು. ನಮ್ಮಂಥವರ ಮಟ್ಟಿಗೆ ಅವರ ಕಾಲು ಬ್ರೇಕಿನ ಮೇಲೆ ಇರುತ್ತಿತ್ತು, ಒತ್ತುತ್ತಿರಲಿಲ್ಲ. ತಮ್ಮ ಮಗಳು ಶಿಲ್ಪಾ ಓಡಿಸುವಾಗ ಮಾತ್ರ ಒತ್ತುತ್ತಿತ್ತು.

ಶಿಲ್ಪಾಗೆ ಇಪ್ಪತ್ತೆರಡು. ಲೈಸೆನ್ಸ್ ಸಿಕ್ಕು ಮೂರು ವರ್ಷವಾಗಿತ್ತು. ಬೆಳಗಿನ ಹೆಂಗಸರ ಕ್ಲಾಸು ತಾನು ನಡೆಸುತ್ತೇನೆಂದು ಹಟ ಹಿಡಿದಿದ್ದಳು.

“ಮೊದಲ ನಾ ಬ್ರೇಕ್ ಒತ್ತದಂಗ ಉಪ್ಪಲ್ ತನಕ ಹೋಗಿ ಬಂದು ತೋರಸು. ಆಮ್ಯಾಲೆ ಕಲಸೀಯಂತ.”

“ನೀವು ಒತ್ತೂದು ಬಿಟ್ರ ಅಲ್ಲೇನ್ರಿ ಪಪ್ಪಾ, ನಾ ತೋರಸೂದು!”

ಆ ಪರೀಕ್ಷೆಯ ದಿನ, ನನ್ನ ಸರದಿಗೆ ಕಾಯುತ್ತ ನಾನು ಹಿಂದಿನ ಸೀಟಿನಲ್ಲಿದ್ದೆ. ಕಂಡದ್ದನ್ನಷ್ಟೇ ಹೇಳುತ್ತೇನೆ. ಉಪ್ಪಲ್ ಹತ್ತಿರ, ಮೆಟ್ರೋ ಕಂಬಗಳ ಪಕ್ಕ, ಎಡಗಡೆಯ ಗಲ್ಲಿಯಿಂದ ನೀರಿನ ಟ್ಯಾಂಕರೊಂದು ಮೂತಿ ಹೊರಹಾಕಿತು. ಶಿಲ್ಪಾ ಅದನ್ನು ನೋಡಿದಳು. ಟ್ಯಾಂಕರು ನಿಂತು ದಾರಿ ಬಿಟ್ಟಿತು. ಅವಳು ಅದೇ ವೇಗದಲ್ಲಿ ಅದನ್ನು ದಾಟಿದಳು. ದಾಟಿದ ಮೇಲೆ ನಮ್ಮ ಕಾರು ಗಕ್ಕನೆ ನಿಂತಿತು. ಹಿಂದಿನ ಕಾರು ಬಂದು ಗುದ್ದಿತು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಶಿಲ್ಪಾಳ ಕೆಳತುಟಿಯಿಂದ ರಕ್ತ ಬರುತ್ತಿತ್ತು. ಮಾಸ್ತರರ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು.

ಹುಡುಗಿಯ ಕೈಗೆ ಗಾಡಿ ಯಾಕೆ ಕೊಟ್ಟಿರೆಂದು ಹಿಂದಿನವನು ಬೈಯುತ್ತ ಬಂದ. “ಉಸ್ಕಿ ಗಲ್ತಿ ನಹೀ ಭಾಯ್, ಗಲ್ತಿ ಮೇರಿ” ಎಂದು ಮಾಸ್ತರು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು ಕೈಮುಗಿದರು.

“ಪಪ್ಪಾ, ನಾ ದಾಟಿದ್ದೆ.”

“ಹೌದವ್ವಾ, ನೀ ದಾಟಿದ್ದಿ. ನನಗ ದಾಟಾಕ ಆಗಲಿಲ್ಲ.”

ಕಾರು ರಿಪೇರಿಯಾಗಿ ಬಂದ ಬೆಳಗ್ಗೆ ನಾನು ಹೋದಾಗ ಎಡಗಡೆಯ ಸೀಟಿನಲ್ಲಿ ಶಿಲ್ಪಾ ಕುಳಿತಿದ್ದಳು. ಮಾಸ್ತರು ಹಿಂದಿನ ಬಾಗಿಲು ತೆಗೆದು ಒಳಗೆ ಸೇರಿದರು. ನಾನು ಓಡಿಸಿಕೊಂಡು ಹೊರಟ ಸ್ವಲ್ಪ ದೂರದಲ್ಲೇ ಆಟೋ ಒಂದು ಅಡ್ಡ ನುಗ್ಗಿತು. ಶಿಲ್ಪಾಳ ಕಾಲು ಅಲುಗಲಿಲ್ಲ. ನಾನೇ ಬ್ರೇಕು ಹಾಕಿದೆ. ಅದೇ ಹೊತ್ತಿಗೆ ಹಿಂದಿನ ಸೀಟಿನ ಕಡೆಯಿಂದ ಧಪ್ ಎಂಬ ಸದ್ದು ಬಂತು.

“ಪಪ್ಪಾ, ಅಲ್ಲಿ ಬ್ರೇಕ್ ಇಲ್ರಿ.”

“ಗೊತ್ತೈತಿ. ನೀ ಮುಂದ ನೋಡು.”

ಮುಂದೆ ಒಂದು ವರ್ಷ ಅವರು ದಿನಾಲೂ ಹಿಂದೆ ಕುಳಿತೇ ಹೋದರು. ಶಿಲ್ಪಾ ಬೇಡವೆನ್ನಲಿಲ್ಲ. ಕಳೆದ ಚಳಿಗಾಲದಲ್ಲಿ ಎದೆನೋವೆಂದವರು ಎರಡೇ ದಿನಕ್ಕೆ ತೀರಿಕೊಂಡರು.

ಈಗ ನನ್ನ ಮಗನಿಗೆ ಹತ್ತೊಂಬತ್ತು. ಮೊದಲ ದಿನ ಅವನು ಅದೇ ಕಾರಿನಲ್ಲಿ, ಶಿಲ್ಪಾಳ ಪಕ್ಕ, ಸ್ಟೇರಿಂಗ್ ಹಿಡಿದಾಗ, ಅವನು ಬೇಡವೆಂದರೂ ನಾನು ಹಿಂದೆ ಹತ್ತಿ ಕುಳಿತೆ. ಬಸ್ಸೊಂದು ಹತ್ತಿರ ಬಂದದ್ದೇ ನನ್ನ ಕಾಲು ತಾನಾಗಿ ಧಪ್ ಎಂದು ನೆಲಕ್ಕೆ ಬಿತ್ತು. ಅಲ್ಲಿ ರಬ್ಬರಿನ ಚಾಪೆ ಅಂಗಾಲಿನಷ್ಟು ಜಾಗದಲ್ಲಿ ಸವೆದು ತಗ್ಗಾಗಿತ್ತು.

ಶಿಲ್ಪಾ ಸದ್ದು ಕೇಳಿದಳು. ತಿರುಗಿ ನೋಡಲಿಲ್ಲ.