ಲೋರ್ನಾ ಕೊಟ್ಟ ಮಾತು

ಲೋರ್ನಾ ಹಾಲಿಹನ್‌ಗೆ ನಮ್ಮೂರಿನ ಕ್ರಿಕೆಟ್ ಮೈದಾನದ ಕೆಲಸ ಸಿಕ್ಕಿದ್ದು ತಾತ್ಕಾಲಿಕವಾಗಿ. ಪಿಚ್ ನೋಡಿಕೊಳ್ಳುತ್ತಿದ್ದ ಅವಳ ಅಪ್ಪ ಒಂದು ಚಳಿಗಾಲದಲ್ಲಿ ತೀರಿಕೊಂಡ. ಆಟದ ಋತು ತಲೆಯ ಮೇಲೆ ಬಂದಿತ್ತು. "ತಕ್ಕ ಗಂಡಸು ಸಿಗುವವರೆಗೆ" ಎಂದು ಊರಾಡಳಿತದ ಕೌನ್ಸಿಲಿನವರು ಕಾಗದದಲ್ಲಿ ಬರೆದು ಅವಳ ಕೈಗೆ ರೋಲರಿನ ಕೀಲಿ ಕೊಟ್ಟರು. ಮೂವತ್ತೊಂದು ವರ್ಷ ತಕ್ಕ ಗಂಡಸು ಸಿಗಲಿಲ್ಲ.

ನಾನು ಕ್ಲೆಮ್. ಅದೇ ಮೈದಾನದಲ್ಲಿ ಹೆಚ್ಚುಕಡಿಮೆ ಅಷ್ಟೇ ವರ್ಷ ಸ್ಕೋರು ಬರೆದವನು. ಹೊಟ್ಟೆಪಾಡಿಗೆ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಆಟ ಚೆನ್ನಾಗಿ ನಡೆದ ದಿನ ಸ್ಕೋರು ಬರೆದವನನ್ನೂ ಯಾರೂ ನೆನೆಯುವುದಿಲ್ಲ, ಪಿಚ್ ಮಾಡಿದವಳನ್ನೂ ನೆನೆಯುವುದಿಲ್ಲ. ಹಾಗಾಗಿ ನಾವಿಬ್ಬರೇ ಒಬ್ಬರನ್ನೊಬ್ಬರು ನೆನೆದುಕೊಂಡು ಮೈದಾನದ ಶೆಡ್ಡಿನಲ್ಲಿ ಚಹಾ ಕುಡಿಯುತ್ತಿದ್ದೆವು.

ಮಾತು ಕೊಡುವುದು ಲೋರ್ನಾಳ ಜಾಯಮಾನವಲ್ಲ. ಪಂದ್ಯದ ಹಿಂದಿನ ದಿನ ಕ್ಯಾಪ್ಟನ್ ಬಂದು, "ನಾಳೆ ಚೆಂಡು ತಿರುಗುತ್ತಾ ಲೋರ್ನಾ?" ಅಂತ ಕೇಳಿದರೆ, "ನಾಳೆ ಬಾ, ನೋಡು" ಅನ್ನುವಳು. ಮದುವೆಯನ್ನೂ ಹಾಗೇ ಮುಂದೆ ಹಾಕಿ ಹಾಕಿ, ಕೇಳಿದವನು ಬೇರೆಯವಳ ಗಂಡನಾದ. ಮಣ್ಣು, ನೀರು, ಬಿಸಿಲು ಮೂರೂ ತನ್ನ ಮಾತು ಕೇಳುವುದಿಲ್ಲ ಎಂದು ಗೊತ್ತಿದ್ದವಳಿಗೆ ಭರವಸೆ ಕೊಡುವ ಅಭ್ಯಾಸ ಎಲ್ಲಿಂದ ಬಂದೀತು?

ನಮ್ಮೂರು ಕೊರಿಂಡಾ. ಮೆಲ್ಬರ್ನ್‌ನಿಂದ ಪಶ್ಚಿಮಕ್ಕೆ ಮೂರು ಗಂಟೆಯ ದಾರಿ. ಹಿಟ್ಟಿನ ಗಿರಣಿ ಮುಚ್ಚಿದ ಮೇಲೆ ಊರು ಒಂದೊಂದೇ ಅಂಗಡಿಯ ಕದ ಹಾಕುತ್ತ ಬಂದಿತ್ತು. ಆಗ ಕೌನ್ಸಿಲಿಗೆ ಗ್ರೇಸನ್ ಪೆಲ್ ಎಂಬ ಹೊಸ ಅಧಿಕಾರಿ ಬಂದ. ಅಚ್ಚುಕಟ್ಟಾದ ಗಡ್ಡ, ಸಾಕ್ಸಿಲ್ಲದ ಬೂಟು. ದಕ್ಷಿಣ ಏಷ್ಯಾದ ಜೊತೆ ನಂಟು ಬೆಳೆಸಿ ಊರನ್ನು ಎತ್ತುತ್ತೇನೆ ಅಂದ. ವ್ಯಾಪಾರ, ವಿದ್ಯೆ, ಆಟ, ಮೂರೂ ಒಂದೇ ಗಂಟು. ಒಂದು ಬೆಳಿಗ್ಗೆ ಶೆಡ್ಡಿಗೇ ಬಂದು ಕೂತ.

"ಲೋರ್ನಾ, ನಿಮ್ಮಂಥೋರು ನಮಗೆ ಬೇಕು. ನೇಪಾಳಕ್ಕೆ ನಿಯೋಗ ಹೋಗ್ತಿದೆ. ಅಲ್ಲಿ ಕ್ರಿಕೆಟ್ ಅಂದ್ರೆ ಸಾಕು, ಬಾಗಿಲು ತಾನಾಗೇ ತೆರ್ಕೊಳ್ಳುತ್ತೆ. ಒಳಗೆ ಹೋದ್ಮೇಲೆ ಬೇಳೆ, ಹಾಲಿನ ಪುಡಿ, ಹುಲ್ಲಿನ ಬೀಜ, ಕಾಲೇಜು ಸೀಟು, ಏನು ಬೇಕಾದ್ರೂ ಮಾತಾಡ್ಬಹುದು."

"ಬಾಗಿಲು ತೆಗೆಯೋಕೆ ನಾನ್ಯಾಕೆ? ಆಟಗಾರರನ್ನ ಕರ್ಕೊಂಡ್ ಹೋಗು."

"ಆಟಗಾರರು ದುಬಾರಿ. ಅಲ್ಲದೆ ನಿಮ್ಮ ಮುಖ ನೋಡಿದ್ರೆ ಜನ ನಂಬ್ತಾರೆ."

ಅದನ್ನವಳು ಹೊಗಳಿಕೆ ಅಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟು ಮಾಡಿಸಿದಳು.

ಏಪ್ರಿಲ್‌ನಲ್ಲಿ ಹೋದರು; ಅಲ್ಲಿ ನಡೆದದ್ದೆಲ್ಲ ಲೋರ್ನಾ ಹೇಳಿ ನನಗೆ ಗೊತ್ತು. ಚಿತವನ ಜಿಲ್ಲೆಯ ಭರತಪುರದಲ್ಲಿ ಒಂದು ಸೌಹಾರ್ದ ಪಂದ್ಯ. ಅಲ್ಲಿನ ಪಿಚ್ಚನ್ನು ಎಂಟು ದಿನದಲ್ಲಿ ಆಡುವಂತೆ ಮಾಡುವುದು ಲೋರ್ನಾಳ ಪಾಲಿನ ಕೆಲಸ. ಆ ಮೈದಾನ ನೋಡಿಕೊಳ್ಳುತ್ತಿದ್ದವನು ತೇಕ್ ಬಹಾದೂರ್ ಘರ್ತಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮೊದಲ ದಿನ ಅವನು ಮಣ್ಣಿನ ಹೆಂಟೆಯೊಂದನ್ನು ನೆನೆಸಿ ಉಂಡೆ ಕಟ್ಟಿ, ಒಣಗಿಸಿ, ಅವಳ ಕೈಗಿಟ್ಟ. ಮಣ್ಣಿನ ಅಂಟು ತಿಳಿಯಲು ಅವಳು ಅದನ್ನು ನೆಲಕ್ಕೆ ಬೀಳಿಸಿ ಎಷ್ಟು ಚೂರಾಯಿತೆಂದು ನೋಡಿ ತಲೆದೂಗಿದಳು. ಅಲ್ಲಿಗೆ ಪರಿಚಯ ಮುಗಿಯಿತು. ಬಿಸಿಲೇರುವ ಮುಂಚೆ ನೀರು, ಇಳಿದ ಮೇಲೆ ರೋಲರು. ನಡುವೆ ಅವನ ಹೆಂಡತಿ ಕಳಿಸಿದ ದಾಲ್ ಭಾತ್.

ಬುತ್ತಿ ತರುತ್ತಿದ್ದವಳು ಮಗಳು ಬಿನಿತಾ. ಇಪ್ಪತ್ತರ ಹುಡುಗಿ. ಇಂಗ್ಲಿಷ್ ಬರುತ್ತಿತ್ತು. ಮಧ್ಯಮ ವೇಗದ ಬೌಲರು, ಜಿಲ್ಲಾ ತಂಡದಲ್ಲಿ ಆಡುತ್ತಿದ್ದಳು. ಅಪ್ಪನ ಜೊತೆ ಪಿಚ್ ಗುಡಿಸುವುದನ್ನೂ ಕಲಿತಿದ್ದಳು. "ಕ್ಲೆಮ್, ಆ ಹುಡುಗಿಗೆ ಮಣ್ಣು ಅರ್ಥ ಆಗುತ್ತೆ" ಎಂದು ಲೋರ್ನಾ ಫೋನಿನಲ್ಲಿ ಹೇಳಿದಾಗ ನನಗೆ ಆಶ್ಚರ್ಯವಾಯಿತು. ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಕೇಳಿದ ಮೊದಲ ಮೆಚ್ಚುಗೆ ಅದು.

ಪಂದ್ಯ ಚೆನ್ನಾಗಿ ಆಯಿತು. ಮಾರನೆಯ ದಿನ ಹೋಟೆಲಿನ ಹಾಲಿನಲ್ಲಿ ತಂದೆತಾಯಿಗಳ ಸಭೆ. ಕೊರಿಂಡಾದಲ್ಲಿ ಹೊಸದಾಗಿ ಶುರುವಾಗಲಿದ್ದ ಖಾಸಗಿ ಕಾಲೇಜೊಂದರ ಮೈದಾನ ನಿರ್ವಹಣೆಯ ಡಿಪ್ಲೊಮಾ ಬಗ್ಗೆ ಗ್ರೇಸನ್ ಪರದೆಯ ಮೇಲೆ ಚಿತ್ರ ತೋರಿಸಿದ. ಚಿತ್ರದಲ್ಲಿದ್ದದ್ದು ಲೋರ್ನಾಳ ಮೈದಾನ. ಯಾರೂ ಹೆಸರು ಕೊಡಲಿಲ್ಲ. ಆಗ ತೇಕ್ ಬಹಾದೂರ್ ಎದ್ದು ಏನೋ ಕೇಳಿದ. ದುಭಾಷಿ ತಿಳಿಸಿದ: "ದಿದಿ, ಅಂದ್ರೆ ಲೋರ್ನಾ ಅಕ್ಕ, ಹೇಳಲಿ ಅಂತಾರೆ. ಮಗಳನ್ನ ಕಳಿಸಬಹುದಾ ಅಂತ ದಿದಿಯನ್ನೇ ಕೇಳ್ತಿದಾರೆ."

ಗ್ರೇಸನ್ ಮೈಕನ್ನು ಅವಳ ಕೈಗೆ ತುರುಕಿದ.

"ಕಳ್ಸಿ" ಅಂದಳು ಲೋರ್ನಾ. "ನನ್ನ ಪಕ್ಕದಲ್ಲೇ ಕೆಲಸ ಮಾಡ್ತಾಳೆ. ನಾನು ನೋಡ್ಕೋತೀನಿ."

ಅದನ್ನು ವೀಡಿಯೊ ಮಾಡಿದರು. ತೇಕ್ ಬಹಾದೂರ್ ಮುಂದೆ ಬಂದು ಅವಳ ಹಣೆಗೆ ಕುಂಕುಮದ ಟೀಕಾ ಇಟ್ಟ. ಆ ಸಂಜೆಯೇ ಹದಿನಾಲ್ಕು ಮಂದಿ ಹೆಸರು ಕೊಟ್ಟರು.

ಫೆಬ್ರವರಿಯಲ್ಲಿ ಅವರು ಬಂದಿಳಿದಾಗ ಬಸ್ಸು ಓಡಿಸಿದವನು ನಾನೇ. "ಕಾಲೇಜಿಗೆ ನಡೀರಿ" ಅಂದ ಗ್ರೇಸನ್‌ನ ಸಹಾಯಕಿ. ಮೇಲೆ ಎರಡು ಕೋಣೆಗಳಿದ್ದ ಟೈರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಯಾರೂ ಇಳಿಯಲಿಲ್ಲ. ಇನ್ನೂ ಮುಂದೆ ಹೋಗಬೇಕೇನೋ ಅಂತ ಕಾಯುತ್ತಿದ್ದರು. ಬಿನಿತಾ ಮುಂದಿನ ಸೀಟಿನಿಂದ, "ಅಂಕಲ್, ಕಾಲೇಜು ಇನ್ನೂ ಎಷ್ಟು ದೂರ?" ಎಂದು ಕೇಳಿದಳು. ನಾನು ಮೇಲಕ್ಕೆ ಬೆರಳು ತೋರಿಸಿದೆ. ಅಂಥ ನಾಚಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ.

ವಾರಕ್ಕೆರಡು ದಿನ ಪಾಠ. ಮೇಷ್ಟರು ಒಬ್ಬರೇ; ಅವರು ಹಿಂದೆ ಮನೆ ಮಾರಿಸುವ ದಲ್ಲಾಳಿಯಾಗಿದ್ದರು. ಉಳಿದ ದಿನ "ಪ್ರಾಯೋಗಿಕ ತರಬೇತಿ": ಕೌನ್ಸಿಲಿನ ಪಾರ್ಕು, ಸ್ಮಶಾನ, ರಸ್ತೆಬದಿಯ ಹುಲ್ಲು ಕತ್ತರಿಸುವುದು. ಸಂಬಳವಿಲ್ಲ, ಕಲಿಕೆಯಲ್ಲವೇ! ಎರಡು ತಿಂಗಳಲ್ಲಿ ಲೋರ್ನಾಳ ಇಬ್ಬರು ಸಹಾಯಕರನ್ನು ಕೌನ್ಸಿಲು ಮನೆಗೆ ಕಳಿಸಿತು. ಅವರಲ್ಲೊಬ್ಬ, ಹದಿನೆಂಟು ವರ್ಷ ದುಡಿದ ಮರ್ವಿನ್, ಶೆಡ್ಡಿನ ಬಾಗಿಲಲ್ಲಿ ನಿಂತು, "ಥ್ಯಾಂಕ್ಸ್ ಕಣೆ ಲೋರ್ನಾ. ನೇಪಾಳದಿಂದ ಒಳ್ಳೇ ಉಡುಗೊರೆ ತಂದೆ" ಎಂದು ಹೇಳಿ ಹೋದ.

ಅವಳು ಎಲ್ಲರಿಗೂ ಪತ್ರ ಬರೆದಳು. ಕೌನ್ಸಿಲಿಗೆ, ಕಾಲೇಜಿಗೆ, ರಾಜಧಾನಿಯ ಇಲಾಖೆಗೆ. ಉತ್ತರ ಬಾರದಿದ್ದಾಗ ತನ್ನಿಂದ ಆಗುವುದನ್ನು ಮಾಡಿದಳು. ಬೆಳಗಾಗುತ್ತಲೇ ಬಿನಿತಾಳನ್ನು ಪಿಚ್ಚಿಗೆ ಕರೆದೊಯ್ದು ತನಗೆ ಗೊತ್ತಿದ್ದದ್ದನ್ನೆಲ್ಲ ಕಲಿಸತೊಡಗಿದಳು. ಗರಿಕೆಯನ್ನು ಎಷ್ಟು ಬೋಳಿಸಬೇಕು, ಕಪ್ಪು ಜೇಡಿಗೆ ನೀರು ಯಾವಾಗ ಸಾಕು, ಬಿರುಕು ಬಿಟ್ಟಾಗ ಗಾಬರಿಯಾಗದೆ ಹೇಗೆ ಸುಮ್ಮನಿರಬೇಕು. ಕ್ಲಬ್ಬಿನ ಹೆಂಗಸರ ತಂಡದಲ್ಲಿ ಆಡಿಸಿದಳು. ತಾನೇ ಉರುಳಿಸಿದ ಪಿಚ್ಚಿನ ಮೇಲೆ ಬಿನಿತಾ ಪಕ್ಕದೂರಿನ ಐದು ವಿಕೆಟ್ ಕಿತ್ತ ದಿನ ಸ್ಕೋರು ಬರೆದದ್ದು ನಾನೇ. ಲೋರ್ನಾ ಬೌಂಡರಿ ಹಗ್ಗದ ಆಚೆ ಬೆನ್ನು ತಿರುಗಿಸಿ ನಿಂತಿದ್ದಳು. ಅಳುವುದನ್ನು ಯಾರೂ ನೋಡಬಾರದಲ್ಲ.

ಅಕ್ಟೋಬರಿನಲ್ಲಿ ಒಂದು ಸೋಮವಾರ ಕಾಲೇಜಿನ ಬಾಗಿಲಿಗೆ ಚೀಟಿ ಅಂಟಿಸಿತ್ತು. ಪರವಾನಗಿ ರದ್ದು. ಮೇಷ್ಟರ ಫೋನು ಸ್ವಿಚ್ ಆಫ್. ವಿದ್ಯಾರ್ಥಿ ವೀಸಾ ಉಳಿಯಬೇಕಾದರೆ ಬೇರೆ ಕಾಲೇಜಿಗೆ ಹೊಸದಾಗಿ ದುಡ್ಡು ಕಟ್ಟಿ ಸೇರಬೇಕು, ಇಲ್ಲವೆ ದೇಶ ಬಿಡಬೇಕು.

ಲೋರ್ನಾ ಮಣ್ಣಾದ ಬೂಟಿನಲ್ಲೇ ಕೌನ್ಸಿಲಿನ ಮಹಡಿ ಹತ್ತಿದಳು. ಜೊತೆಗೆ ನಾನಿದ್ದೆ.

"ಹದಿನಾಲ್ಕು ಮಕ್ಕಳು ಬೀದೀಲಿದಾರೆ. ಏನ್ ಮಾಡ್ತೀಯ?" ಎಂದು ಕೇಳಿದಳು.

ಗ್ರೇಸನ್ ಬಾಗಿಲು ಮುಚ್ಚಿ ಬಂದು ಕೂತ. "ಬೇಜಾರಿನ ವಿಷಯ, ನಿಜ. ಆದ್ರೆ ಅದು ಖಾಸಗಿ ಕಾಲೇಜು ಲೋರ್ನಾ. ಕೌನ್ಸಿಲು ಪರಿಚಯ ಮಾಡಿಸ್ತು, ಅಷ್ಟೇ."

"ನೀನೇ ಕರ್ಕೊಂಡ್ ಬಂದಿದ್ದು."

"ವೀಡಿಯೊ ಇನ್ನೊಂದ್ಸಲ ನೋಡಿ. ನಾನು ಯಾರಿಗೂ ಏನೂ ಮಾತು ಕೊಟ್ಟಿಲ್ಲ." ಅವನ ದನಿ ಮೆತ್ತಗಿತ್ತು. "ನೋಡ್ಕೋತೀನಿ ಅಂದೋರು ನೀವು."

ಲೋರ್ನಾ ನನ್ನ ಕಡೆ ತಿರುಗಿದಳು. ನಾನು ಏನಾದರೂ ಅನ್ನಬೇಕಿತ್ತು. ಅನ್ನಲಿಲ್ಲ. ಶಾಲೆಯ ಬಸ್ಸಿನ ಗುತ್ತಿಗೆ ಕೌನ್ಸಿಲಿನದು.

ಶೆಡ್ಡಿಗೆ ಬಂದವಳೇ ಬಿನಿತಾಳನ್ನು ಕರೆದು, "ನಿಮ್ಮಪ್ಪನಿಗೆ ಫೋನ್ ಹಚ್ಚು. ನಾನು ಮಾತಾಡ್ಬೇಕು. ನಾನ್ ಹೇಳಿದ್ದನ್ನ ಹಾಗ್ಹಾಗೇ ಹೇಳು" ಅಂದಳು.

ಪರದೆಯ ಮೇಲೆ ತೇಕ್ ಬಹಾದೂರನ ನಗುಮುಖ ಬಂತು. ಹಿಂದೆ ಕೋಳಿ ಕೂಗುತ್ತಿತ್ತು. "ದಿದಿ! ನಮಸ್ತೆ!" ಎಂದು ಎರಡೂ ಕೈ ಎತ್ತಿ ಮುಗಿದ.

"ಹೇಳು," ಅಂದಳು ಲೋರ್ನಾ. "ಕಾಲೇಜು ಮೋಸ. ಮುಚ್ಚಿಹೋಯ್ತು. ನಾನು ವಿಚಾರಿಸದೆ ಮಾತು ಕೊಟ್ಟೆ. ತಪ್ಪು ನನ್ನದು ಅಂತ ಹೇಳು."

ಬಿನಿತಾ ನೇಪಾಳಿಯಲ್ಲಿ ಹೇಳಿದಳು. ತಡವರಿಸದೆ, ಸಾಕಷ್ಟು ಉದ್ದಕ್ಕೇ ಹೇಳಿದಳು. ತೇಕ್ ಬಹಾದೂರನ ಮುಖ ಅರಳಿತು. ಮತ್ತೆ ಕೈ ಮುಗಿದ. ಮನೆಯೊಳಗೆ ತಿರುಗಿ ಹೆಂಡತಿಯನ್ನು ಕೂಗಿ ಕರೆದ. ಅವಳೂ ಬಂದು ಕೈ ಮುಗಿದಳು.

ಫೋನಿಟ್ಟ ಮೇಲೆ ಲೋರ್ನಾ ಕೇಳಿದಳು: "ಏನ್ ಹೇಳ್ದೆ?"

"ಕ್ಲಾಸಿಗೇ ನಾನು ಮೊದಲು ಬಂದಿದೀನಿ ಅಂತ. ಮುಂದಿನ ವರ್ಷ ದೊಡ್ಡ ಮೈದಾನಕ್ಕೆ ಕಳಿಸ್ತೀರಿ ಅಂತ."

"ಬಿನಿತಾ!"

"ಮನೆ ಹಿಂದಿನ ಹೊಲ ಮಾರಿ ಕಳಿಸಿದಾರೆ ಮಿಸ್. ಆ ಹೊಲದ ದಾರೀಲೇ ಅಪ್ಪ ದಿನಾ ಮೈದಾನಕ್ಕೆ ಹೋಗೋದು. ನೀವು ನಿಜ ಹೇಳಿ ಹಗುರ ಆಗ್ತೀರ. ಅವರು ದಿನಾ ಆ ದಾರೀಲಿ ನಡೀಬೇಕು."

ಲೋರ್ನಾ ತನ್ನ ಉಳಿತಾಯ ಕೊಡುತ್ತೇನೆಂದಳು. ಬಿನಿತಾ ತೆಗೆದುಕೊಳ್ಳಲಿಲ್ಲ. ತನ್ನ ಮನೆಯಲ್ಲಿರು ಎಂದಳು ಲೋರ್ನಾ; ಬಿನಿತಾ ಎರಡು ವಾರವಿದ್ದು, ಒಂದು ದಿನ ಹಾಸಿಗೆ ಮಡಿಸಿಟ್ಟು ಹೋದಳು. ಹದಿನಾಲ್ಕರಲ್ಲಿ ಐವರು ವಾಪಸು ಹೋದರು. ಉಳಿದವರು ಅಡುಗೆ ಕೋರ್ಸು, ವೃದ್ಧರ ಆರೈಕೆ ಕೋರ್ಸು ಎಂದು ಸಿಕ್ಕ ಕಡೆ ಚೆದುರಿದರು.

ಜನವರಿಯಲ್ಲಿ ನೇಪಾಳದಿಂದ ಮರುಭೇಟಿಯ ನಿಯೋಗ ಬರುವುದಿತ್ತು. ಬೇಳೆ ಮಾರಾಟದ ಒಪ್ಪಂದಕ್ಕೆ ಸಹಿ, ನಂತರ ಮೈದಾನದಲ್ಲಿ ಸೌಹಾರ್ದ ಪಂದ್ಯ. ಲೋರ್ನಾ ಪಿಚ್ ಮಾಡುವುದಿಲ್ಲ ಎಂದಳು. ರೋಲರಿನ ಕೀಲಿಯನ್ನು ಕೌನ್ಸಿಲಿನ ಮೇಜಿನ ಮೇಲಿಟ್ಟು, "ಆ ಮಕ್ಕಳ ಲೆಕ್ಕ ಹೇಳೋವರೆಗೂ ಈ ಮೈದಾನದಲ್ಲಿ ಆಟ ಇಲ್ಲ" ಎಂದು ಬಂದಳು. ಇಷ್ಟು ವರ್ಷದಲ್ಲಿ ಅವಳು ಕೆಲಸ ನಿಲ್ಲಿಸಿದ್ದು ಅದೇ ಮೊದಲು. ಪಿಚ್ ಇಲ್ಲದೆ ಪಂದ್ಯವಿಲ್ಲ, ಪಂದ್ಯವಿಲ್ಲದೆ ಮಾನವಿಲ್ಲ. ಈಗ ಬಗ್ಗುತ್ತಾರೆ ಎಂದು ನಾವಿಬ್ಬರೂ ನಂಬಿದ್ದೆವು.

ಮೆಲ್ಬರ್ನ್‌ನಿಂದ ಒಂದು ಲಾರಿ ಬಂತು. ನಾಲ್ಕು ಜನ ಇಳಿದು, ಅವಳು ಬೆಳೆಸಿದ ಪಿಚ್ಚಿನ ಪಕ್ಕದಲ್ಲೇ ಅರ್ಧ ದಿನದಲ್ಲಿ ಪ್ಲಾಸ್ಟಿಕ್ಕಿನ ಹಸಿರು ಚಾಪೆ ಹಾಸಿ ಮೊಳೆ ಹೊಡೆದು ಹೋದರು. ಪಂದ್ಯ ಚೆನ್ನಾಗಿಯೇ ನಡೆಯಿತು. ಚೆಂಡು ಸಮನಾಗಿ ಪುಟಿಯಿತು. ಅತಿಥಿಗಳು ಕುರಿಮಾಂಸದ ಪೈ ತಿಂದು, ಗ್ರೇಸನ್‌ಗೆ ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡರು. ಲೋರ್ನಾ ಬೇಲಿಯ ಹೊರಗೆ ನಿಂತು ಹದಿನಾಲ್ಕು ಹೆಸರು ಬರೆದ ಹಲಗೆ ಹಿಡಿದಿದ್ದಳು. ಅದನ್ನು ಓದಿದ ಒಬ್ಬ ಅತಿಥಿ, ಸ್ವಾಗತದ ಫಲಕವೆಂದುಕೊಂಡು ಕೈಬೀಸಿದ. ಚಾಪೆ ಅಗ್ಗವೆಂದು ಕೌನ್ಸಿಲು ಅದನ್ನೇ ಕಾಯಂ ಮಾಡಿತು. ಪಿಚ್ ಮಾಡುವವಳು ಇನ್ನು ಬೇಕಾಗಲಿಲ್ಲ. ಗ್ರೇಸನ್ ಬಡ್ತಿ ಪಡೆದು ರಾಜಧಾನಿಗೆ ಹೋದ.

ಈ ಚಳಿಗಾಲದಲ್ಲಿ ಬಿನಿತಾ ಎಲ್ಲಿದ್ದಾಳೆಂದು ತಿಳಿಯಿತು. ಮೂರು ಗಂಟೆ ದೂರದ ಊರಿನ ಕೋಳಿ ಕತ್ತರಿಸುವ ಕಾರ್ಖಾನೆ. ಲೋರ್ನಾಳ ಕಾರು ಕೆಟ್ಟಿತ್ತು, ನಾನು ಕರೆದೊಯ್ದೆ. ಊಟದ ಬಿಡುವಿನಲ್ಲಿ ಬಿನಿತಾ ಗೇಟಿಗೆ ಬಂದಳು. ಬಿಳಿ ರಬ್ಬರ್ ಬೂಟು, ತಲೆಗೆ ಬಲೆ, ಕೈಗೆ ನೀಲಿ ಕೈಗವಸು. ದಪ್ಪಗಾಗಿದ್ದಳು, ಅಥವಾ ಊದಿಕೊಂಡಿದ್ದಳು. ಕ್ಯಾಂಟೀನಿನಿಂದ ನಮಗಿಬ್ಬರಿಗೂ ಕಾಗದದ ಲೋಟದಲ್ಲಿ ಚಹಾ ತಂದಳು.

"ಆಡ್ತಿದೀಯಾ?" ಎಂದು ಕೇಳಿದಳು ಲೋರ್ನಾ.

"ಶನಿವಾರ ಶಿಫ್ಟ್ ಇರುತ್ತೆ ಮಿಸ್."

"ಅಪ್ಪ ಹೇಗಿದಾರೆ?"

"ಚೆನ್ನಾಗಿದಾರೆ. ಊರಲ್ಲೆಲ್ಲ ನಿಮ್ಮ ಹೆಸರು ಹೇಳ್ತಾರೆ." ಹಿಂದೆ ತಿರುಗಿ ಕಾರ್ಖಾನೆಯ ಕಡೆ ನೋಡಿದಳು. "ಮಿಸ್, ಒಂದು ಮಾತು. ಇನ್ನೊಂದ್ಸಲ ಬರಬೇಡಿ. ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮನ್ನ ನೋಡಿದ್ರೆ ಅಪ್ಪನಿಗೆ ನಿಜ ಹೇಳ್ಬೇಕು ಅನ್ಸುತ್ತೆ. ಹೇಳಿದ್ರೆ ನಾನು ಇಲ್ಲಿರೋಕಾಗಲ್ಲ, ಅಲ್ಲಿಗೆ ಹೋಗೋಕೂ ಆಗಲ್ಲ."

ಸೈರನ್ ಆಯಿತು. ಬಿನಿತಾ ಬಾಗಿ ಲೋರ್ನಾಳ ಕಾಲು ಮುಟ್ಟಲು ಹೋಗಿ, ಕೈಗವಸು ನೆನಪಾಗಿ, ಹಾಗೇ ಎದ್ದು ಒಳಗೆ ಹೋದಳು.

ವಾಪಸು ಬರುವಾಗ ಲೋರ್ನಾ ಖಾಲಿ ಲೋಟವನ್ನು ಕೈಯಲ್ಲೇ ಹಿಡಿದಿದ್ದಳು. ಆಮೇಲೆ, "ಅವಳ ಕೈಬೆರಳು ನೋಡ್ದೇನೋ ಕ್ಲೆಮ್? ಉಗುರಲ್ಲಿ ಮಣ್ಣಿತ್ತಾ?" ಅಂದಳು.

"ಕೈಗವಸು ಹಾಕಿದ್ಲಲ್ಲ."

"ನನಗೂ ಕಾಣ್ಲಿಲ್ಲ" ಅಂದಳು, ಕಿಟಕಿಯ ಕಡೆ ತಿರುಗಿ. ಆಮೇಲೆ ಅವಳು ಆ ಊರಿಗೆ ಹೋಗಲಿಲ್ಲ.