ರಕ್ತಕ್ಕೆ ಮೇಣದ ಆಕಾರವಿಲ್ಲ

ಸಂಜೆ ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿದೆ. ಕರಗುವ ಮೇಣದ ವಾಸನೆಗೆ ಪಕ್ಕದ ಮನೆಯ ರೀಟಾ ನೆನಪಾದಳು. ನನ್ನ ನೆನಪನ್ನು ನೀವು ಪೂರ್ತಿ ನಂಬಬೇಡಿ. ಅದು ತನಗೆ ಬೇಕಾದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ.

ಇಪ್ಪತ್ತೆರಡರ ಹುಡುಗಿ, ರಕ್ತದ ಕ್ಯಾನ್ಸರ್. ಕೂದಲು ಉದುರಿದಾಗ ಜಡೆ ಹಾಕುವ ಕೆಲಸ ತಪ್ಪಿತೆಂದು ತನ್ನ ಬಾಚಣಿಗೆ ತಂದು ನನಗೆ ಕೊಟ್ಟವಳು. ಮತ್ತೆ ಆಸ್ಪತ್ರೆ ಸೇರುವ ಮೊದಲು ಹರಿಹರದ ಚರ್ಚಿನ ಮಾತೆಯನ್ನು ನೋಡಲೇಬೇಕೆಂದು ಹಟ ಹಿಡಿದಳು. ಅವಳು, ಅವಳಮ್ಮ, ನಾನು ದಾವಣಗೆರೆಯ ಸರಸ್ವತಿ ನಗರದಿಂದ ಹೊರಟೆವು. ಬಸ್ಸು ಹೊಳೆ ದಾಟಿದ್ದು ಕಣ್ಣಿಗೆ ಕಟ್ಟಿದಂತಿದೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವಾಗ ಹೊಳೆ ದಾಟುವುದೇ ಇಲ್ಲ. ನೋಡಿದಿರಾ?

ಚರ್ಚಿನ ಹೊರಗೆ ಮೇಣದ ಕೈ, ಕಾಲು, ಕಣ್ಣು ಮಾರುತ್ತಿದ್ದರು. ಯಾವ ಅಂಗಕ್ಕೆ ಕಾಯಿಲೆಯೋ ಅದನ್ನು ಮಾತೆಯ ಮುಂದಿಟ್ಟು ಬೇಡಿಕೊಳ್ಳಬೇಕಂತೆ. ರಕ್ತದ್ದು ಸಿಗಲಿಲ್ಲ. ನಮ್ಮದು ಲಿಂಗ ಕಟ್ಟಿದ ಮನೆ, ಅಲ್ಲಿಯ ರೂಢಿ ನನಗೇನು ಗೊತ್ತು? ರಕ್ತ ಮೈತುಂಬ ಇರುತ್ತದಲ್ಲ ಎಂದು ಜಾಣತನ ಮಾಡಿ, ಇಡೀ ಮೈಯಿದ್ದ ಗೊಂಬೆಯೊಂದನ್ನು ಕೊಂಡೆ.

ರೀಟಾ ಅದನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತಳು. ತಲೆ ಸುತ್ತಿತೇನೋ ಎಂದು ಹೆದರಿದೆ. ನಗುತ್ತಿದ್ದಳು.

“ಆಂಟಿ, ಇದು ಮಕ್ಕಳಾಗ್ಲಿ ಅಂತ ಇಡೋ ಕೂಸು. ನಂಗೆ ಮದುವಿ ಆಗಿಲ್ಲ, ನಿಮಗೆ ಮೊಮ್ಮಗ ಅದಾನೆ. ಮಾತೆ ಯಾರಿಗೆ ಕೊಡ್ಬೇಕ್ರಿ?”

ವಾಪಸ್ ಕೊಟ್ಟು ಬರುತ್ತೇನೆಂದೆ. ಬಿಡಲಿಲ್ಲ. ಮಾತೆಗೆ ನಮ್ಮ ತಪ್ಪೂ ಅರ್ಥವಾಗುತ್ತದೆಂದು ಕೂಸನ್ನೇ ಇಟ್ಟು, ಮೊಣಕಾಲೂರಿ, ಹಬ್ಬಕ್ಕೆ ಬಂದವಳಂತೆ ದೊಡ್ಡ ದನಿಯಲ್ಲಿ ಹಾಡಿದಳು. ಹೊರಗೆ ಬಂದ ಮೇಲೆ ಕೇಳಬಾರದ್ದನ್ನು ಕೇಳಿದೆ: ವಾಸಿಯಾಗದಿದ್ದರೆ?

“ಆಗ ಮಾತೆ ಹತ್ರ ಹೋಗೇ ಜಗಳ ಆಡ್ತೀನ್ರಿ.”

ಆ ಕ್ರಿಸ್ಮಸ್ಸಿಗೆ ಅವಳಿರಲಿಲ್ಲ. ನಗುನಗುತ್ತಲೇ ಹೋದ ಹುಡುಗಿ ಎಂದು ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದೆ.

ಇವತ್ತು ಆ ಕತ್ತಲಲ್ಲೇ ಅವಳಮ್ಮ ಬೆಂಕಿಪೊಟ್ಟಣ ಕೇಳಲು ಬಂದರು. ಕೂರಿಸಿಕೊಂಡು ಆ ದಿನದ ಮಾತು ತೆಗೆದೆ. ಎಷ್ಟು ನಕ್ಕಳಲ್ಲ ಎಂದೆ.

“ನಕ್ಕಳು. ವಾಪಸ್ ಬರುವಾಗ ದಾರ್ಯಾಗಿನ ಬಾತಿ ಊರು ಬರೋತನ ಅತ್ತಳು, ನನ್ನ ಸೆರಗು ಬಾಯಾಗಿಟ್ಕೊಂಡು. ನೀವು ಮುಂದಿನ ಸೀಟ್ನಾಗೆ ನಿದ್ದಿ ಹೊಡೀತಿದ್ರಿ. ಆಮೇಲೆ ಮುಖ ಒರೆಸ್ಕೊಂಡು, ಮಾತೆ ಹತ್ರ ಎಲ್ಲಾ ಹೇಳಿ ಮುಗೀತಮ್ಮ, ಇಳಿದು ಮಿರ್ಚಿ ತಿನ್ನಾನ ಅಂದ್ಲು.”

ಮಿರ್ಚಿ ತಿಂದದ್ದು ನನಗೂ ನೆನಪಿದೆ. ಅವಳ ಕಣ್ಣು ಕೆಂಪಗಿದ್ದದ್ದು ಖಾರಕ್ಕೆ ಎಂದು ಇಷ್ಟು ವರ್ಷ ನಂಬಿದ್ದೆ.