ಸ್ವಿಚ್ ಮುಟ್ಟಬೇಡಿ, ರಂಗಲಕ್ಷ್ಮಮ್ಮ ಇದ್ದಾರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ ರಂಗಲಕ್ಷ್ಮಮ್ಮ ಆಗಲೇ ಸಿಡಿಮಿಡಿಗೊಂಡಿದ್ದಾರೆ. ಇವತ್ತಿನ ಮೊದಲ ಕಾರಣ, ಭಾನುವಾರದ ಪೇಪರಿಗೆ ಇವರ ಬಗ್ಗೆ ಬರೆಯಲು ಬಂದ ನಾನು. ಮಾತು ಶುರು ಮಾಡೋಣವೆಂದು ಮೊಬೈಲು, ಪರ್ಸು ಎರಡನ್ನೂ ಎದುರಿಗಿದ್ದ ಕಬ್ಬಿಣದ ಮೇಜಿನ ಮೇಲೆ ಇಟ್ಟುಬಿಟ್ಟೆ. ಅದು ಮಿಷನ್ನಿನ ಮ್ಯಾಗ್ನೆಟ್ಟು, ಪರ್ಸಿನ ಕಾರ್ಡೆಲ್ಲ ಕೆಡುತ್ತದಂತೆ. ಅವರು ಎರಡನ್ನೂ ಎತ್ತಿ ನನ್ನ ಕೈಗೆ ತುರುಕಿ, ಗೋಡೆ ಪಕ್ಕ ನಿಲ್ಲಲು ಹೇಳುತ್ತಾರೆ. "ಬಂದೋರೆಲ್ಲ ಇದ್ರ ಮೇಲೇ ಇಡ್ತಾರೆ ಸಾರ್. ಟಿಫನ್ ಡಬ್ಬೀನೂ ಇಟ್ಟವ್ರೆ."

ಗೂಳೂರಿನಿಂದ ಮೊದಲ ಬಸ್ಸಿಗೆ ಬರುವ ಇವರು ಮಾಡುವ ಮೊದಲ ಕೆಲಸ ಮಿಷನ್ನನ್ನು ಖಾಲಿ ಓಡಿಸುವುದು. ಹೈಡ್ರಾಲಿಕ್ ಸರ್ಫೇಸ್ ಗ್ರೈಂಡಿಂಗ್ ಮಿಷನ್ ಎಂಬ ಉದ್ದ ಹೆಸರಿನ ಈ ಯಂತ್ರ ಕಬ್ಬಿಣದ ಮೈಯನ್ನು ಸಾಣೆ ಹಿಡಿದು ಸಮ ಮಾಡುತ್ತದೆ. ಪಂಪು ಒತ್ತಿದ ಎಣ್ಣೆ ಮೇಜನ್ನು ಒಂದು ಕಡೆಗೆ ತಳ್ಳುತ್ತದೆ. ಅದು ಕೊನೆ ಮುಟ್ಟಿದಾಗ ಒಂದು ಲಿವರಿಗೆ ತಾಗಿ ಎಣ್ಣೆಯ ದಾರಿ ತಿರುಗುತ್ತದೆ, ಮೇಜು ವಾಪಸ್ ಬರುತ್ತದೆ. ಮೇಜಿನ ಮ್ಯಾಗ್ನೆಟ್ಟು ಕಬ್ಬಿಣವನ್ನು ಕಚ್ಚಿ ಹಿಡಿದಿರುತ್ತದೆ, ಮೇಲೆ ಸಾಣೆಕಲ್ಲು ಗಿರಗಿರನೆ ತಿರುಗುತ್ತ ಸವೆಸುತ್ತದೆ. ರಾತ್ರಿಯೆಲ್ಲ ತಣ್ಣಗಿದ್ದ ಎಣ್ಣೆ ಬೆಚ್ಚಗಾಗುವ ತನಕ ಮೇಜು ಜಗ್ಗಿ ಜಗ್ಗಿ ಹೋಗುತ್ತದೆ. ಅಷ್ಟರಲ್ಲೇ ಕೆಲಸ ಹಚ್ಚಿದರೆ ಕೆಟ್ಟಿತೆಂದೇ ತಿಳಿಯಬೇಕು. ಇಷ್ಟನ್ನು ಒಪ್ಪಿಸಲು ಓನರ್ ಗಂಗಾಧರ್ ಜೊತೆ ಎರಡು ವರ್ಷ ಜಗಳವಾಡಿದ್ದಾರೆ.

ಅದಕ್ಕೂ ಮೊದಲು ಇದೇ ಶೆಡ್ಡಿನ ಮೂಲೆಯಲ್ಲಿ ಕೂತು, ಅರ ಹಿಡಿದು ಕಬ್ಬಿಣದ ಅಂಚು ಉಜ್ಜುತ್ತಿದ್ದವರು ಇವರು. ಉಜ್ಜಿ ಉಜ್ಜಿ ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ಮಿಷನ್ ನಡೆಸುತ್ತಿದ್ದ ಯಲ್ಲಯ್ಯ ದೊಡ್ಡ ಕಂಪನಿ ಸೇರಿದಾಗ, ಬೇರೆ ಯಾರಾದರೂ ಸಿಗುವ ತನಕ ನೋಡಿಕೋ ಎಂದು ಗಂಗಾಧರ್ ಇವರನ್ನು ನಿಲ್ಲಿಸಿದರು. ಅದಾಗಿ ಆರು ವರ್ಷ. ಬೇರೆ ಯಾರೂ ಸಿಕ್ಕಿಲ್ಲ, ಓನರ್ ಹುಡುಕುವುದನ್ನೂ ಬಿಟ್ಟಿಲ್ಲ. ದಿನಕ್ಕೆ ಎಂಟೋ ಒಂಬತ್ತೋ ಕಬ್ಬಿಣದ ಪ್ಲೇಟು ಇವರ ಕೈಯಿಂದ ಸಮವಾಗಿ ಹೊರಡುತ್ತವೆ.

ಕಳೆದ ವಾರ ಒಂದು ವಾಪಸ್ ಬಂತು. ಗುಬ್ಬಿ ತಾಲ್ಲೂಕು ಸಿ.ಎಸ್. ಪುರದ ಕರಿಬಸವಯ್ಯನವರು ಅಡಿಕೆ ಹಾಳೆಯಲ್ಲಿ ಊಟದ ತಟ್ಟೆ ಒತ್ತಿಸುತ್ತಾರೆ. ಅವರ ಬಿಸಿ ಅಚ್ಚಿನ ಅಡಿಪ್ಲೇಟು ಒಂದು ಕಡೆ ಕೂದಲೆಳೆಯಷ್ಟು ಎತ್ತರ ಉಳಿದಿತ್ತು. ಅಷ್ಟಕ್ಕೇ ತಟ್ಟೆಗಳು ಒಂದು ಬದಿ ಸುಟ್ಟು ಕಪ್ಪಾದವು, ಇನ್ನೊಂದು ಬದಿ ಮಡಚಲೇ ಇಲ್ಲ. ನಿಜವಾಗಿ ಆಗಿದ್ದೇನೆಂದರೆ, ರಂಗಲಕ್ಷ್ಮಮ್ಮ ಕೈ ತೊಳೆಯಲು ಹೋಗಿದ್ದಾಗ ಕಿಡಿ ಬರುತ್ತಿಲ್ಲ, ಕೆಲಸ ಮುಗಿಯಿತೆಂದು ಗಂಗಾಧರ್ ಅವರೇ ಸ್ವಿಚ್ ಆರಿಸಿ, ಅಳತೆ ಕೂಡ ನೋಡದೆ ಪ್ಲೇಟನ್ನು ಆಟೋಗೆ ಹಾಕಿಸಿದ್ದರು. ಬೈಸಿಕೊಂಡಿದ್ದು ಮಾತ್ರ ಇವರು. ಇನ್ನೊಮ್ಮೆ ವಾಪಸ್ ಬಂದರೆ ಮತ್ತೆ ಮೂಲೆಗೆ ಹೋಗಿ ಅರ ಹಿಡಿ ಎಂದಿದ್ದಾರೆ ಓನರ್. ಕೇಳಿದರೆ ನನಗೂ ಮೈ ಉರಿಯುತ್ತದೆ.

ಆ ಪ್ಲೇಟೇ ಈಗ ಮಿಷನ್ ಮೇಲಿದೆ. ಕರಿಬಸವಯ್ಯನವರು ಬೆಳಿಗ್ಗೆಯೇ ಬಂದು ಸ್ಟೂಲಿನ ಮೇಲೆ ಕೂತು, ಆಯ್ತೇನಮ್ಮ ಎಂದು ಕೇಳುತ್ತಲೇ ಇದ್ದಾರೆ. ಕಲ್ಲು ಇಳಿದಷ್ಟೂ ಕಿಡಿ ಹಾರುತ್ತದೆ. ಕೊನೆಗೆ ರಂಗಲಕ್ಷ್ಮಮ್ಮ ಕಲ್ಲು ಇಳಿಸುವುದನ್ನು ನಿಲ್ಲಿಸಿ ಮೇಜನ್ನು ಹಾಗೇ ಓಡಲು ಬಿಡುತ್ತಾರೆ. ಕಿಡಿ ತೆಳ್ಳಗಾಗಿ ನಿಂತೇ ಹೋಗುತ್ತದೆ. ಮೇಜು ಮಾತ್ರ ಹೋಗುತ್ತದೆ, ಬರುತ್ತದೆ. ಒತ್ತಡಕ್ಕೆ ತುಸು ಮೇಲೆ ಸರಿದಿದ್ದ ಕಲ್ಲು ಮತ್ತೆ ತನ್ನ ಜಾಗಕ್ಕೆ ಇಳಿದು, ಉಳಿದ ಚೂರುಪಾರನ್ನು ಸವರುವುದು ಈಗಲೇ ಎಂದು ವಿವರಿಸುತ್ತಾರೆ. ನೋಡುವವರಿಗೆ ದಂಡಕ್ಕೆ ಓಡುತ್ತಿರುವಂತೆ ಕಾಣುತ್ತದೆ. ಒಳಗೆ ಬಂದ ಗಂಗಾಧರ್ ಅವರಿಗೂ ಹಾಗೇ ಕಂಡಿತು. ಕರೆಂಟು ಸುಮ್ಮನೆ ಉರಿಯುತ್ತಿದೆ ಎನ್ನುತ್ತ ಅವರ ಕೈ ಸ್ವಿಚ್ಚಿನತ್ತ ಹೋಗುತ್ತದೆ. ರಂಗಲಕ್ಷ್ಮಮ್ಮ ಅಡ್ಡ ಬಂದು ನಿಲ್ಲುತ್ತಾರೆ.

"ಮುಟ್ಬ್ಯಾಡಿ ಸಾರ್. ಹೋದ್ಸಲ ನೀವ್ ಆರಿಸಿದ್ರಿ, ನಾನ್ ಬೈಸ್ಕೊಂಡೆ. ಈ ಸಲ ಕೆಟ್ರೆ ನಾನೇ ಕೆಡಿಸ್ದೆ ಅಂತ ಆಗ್ಲಿ, ಬುಡಿ."

ಓನರ್ ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮೇಜು ಇನ್ನೂ ಸ್ವಲ್ಪ ಹೊತ್ತು ಓಡುತ್ತದೆ. ಆಮೇಲೆ ಪ್ಲೇಟನ್ನು ಬಿಡಿಸಿ, ಒರೆಸಿ, ಅಳತೆಗೆಂದೇ ಇರುವ ಸಪಾಟು ಕಲ್ಲಿನ ಮೇಲಿಟ್ಟು, ಅಳತೆಯ ಡಯಲನ್ನು ಈ ತುದಿಯಿಂದ ಆ ತುದಿಗೆ ಎಳೆಯುತ್ತಾರೆ. ಮುಳ್ಳು ಅಲುಗುವುದಿಲ್ಲ. ಕರಿಬಸವಯ್ಯನವರು ಪ್ಲೇಟನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಹೊರಡುತ್ತಾರೆ. ಗಂಗಾಧರ್ ಅವರು ಮುಂದಿನದನ್ನು ಬೇಗ ಹಚ್ಚು ಎಂದಷ್ಟೇ ಹೇಳಿ ಹೋಗುತ್ತಾರೆ. ಅವರಿಗೆ ವಿಷಯ ಅರ್ಥವಾಗಿದೆಯೆಂದು ನನಗಂತೂ ಅನ್ನಿಸಲಿಲ್ಲ. ಮಿಷನ್ ಪಕ್ಕದಲ್ಲಿ ನಿಂತರೆ ಒಂದು ಫೋಟೋ ತೆಗೆಯುತ್ತೇನೆ ಎನ್ನುತ್ತೇನೆ.

"ಫೋಟೋ ಬ್ಯಾಡ ಸಾರ್. ಕಿಡಿ ನಿಂತ್ರೂ ಮಿಷನ್ ಕೆಲ್ಸ ಮಾಡ್ತಿರ್ತೈತೆ, ಸ್ವಿಚ್ ಮುಟ್ಬಾರ್ದು ಅಂತ ದಪ್ಪ ಅಕ್ಷರದಲ್ಲಿ ಹಾಕಿ. ನಾನೇಳಿದ್ರೆ ನಂಬಲ್ಲ. ಭಾನುವಾರ ನಮ್ಮ ಓನರ್ರು ಪೇಪರ್ ಓದ್ತಾರೆ."